ಪ್ರವಾಹವೂ ಪ್ರಯತ್ನವೂ

ವರಾಹಪರ್ವತದ ಗಂಗಾಮೂಲದಲ್ಲಿ ಜನಿಸಿ, ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಸಮೀಪದ ಕೂಡಲಿಯಲ್ಲಿ ಒಂದಾಗುವ ತುಂಗಾ-ಭದ್ರಾ ನದಿಗಳು ಶ್ರೀವರಾಹದೇವರ ಕೋರೆದಾಡೆಗಳಿಂದ ಇಳಿದುಬಂದವೆಂಬುದು ಆಸ್ತಿಕರೆಲ್ಲರೂ ಬಲ್ಲ ವಿಷಯ. ನೀರಿನಲ್ಲಿ ಮುಳುಗಿದ್ದ ಭೂಮಿಯನ್ನು ಮೇಲೆತ್ತಿ ನಿಲ್ಲಿಸಿದ ಸ್ವಾಮಿಯ ದಾಡೆಯಿಂದ ಹುಟ್ಟಿದ ಈ ನದಿಯೇ ಒಮ್ಮೊಮ್ಮೆ ತನ್ನ ತೀರದ ಭೂಮಿಯನ್ನು ಮುಳುಗಿಸುತ್ತದೆ. ಆನೆಗೊಂದಿಯ ನವವೃಂದಾವನವಿರುವುದು ಈ ನದಿಯ ನಡುಗಡ್ಡೆಯಲ್ಲಿ. ಮಂತ್ರಾಲಯವಿರುವುದು ಇದರ ದಡದಲ್ಲಿ. ಹೀಗಿರಲಾಗಿ, ಪುಣ್ಯನದಿಯು ಪುಣ್ಯಕ್ಷೇತ್ರವನ್ನೇ ಹೊಕ್ಕಾಗ ಭಗವದ್ಭಕ್ತನಾದವನು ಅದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಅದಕ್ಕಿಂತ ಮುಖ್ಯವಾಗಿ, ನೀರಿಳಿದ ಮೇಲೆ ಅವನು ಏನು ಮಾಡಬೇಕು? ಈ ಎರಡು ಪ್ರಶ್ನೆಗಳನ್ನು ಯಥಾಮತಿ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

2009ನೆಯ ಇಸವಿಯನ್ನು ಉತ್ತರ ಕರ್ನಾಟಕದವರೂ ಕರ್ನೂಲು ಪ್ರಾಂತದವರೂ ಮರೆಯಲಾರರು. ಆ ವರ್ಷದ ಮುಂಗಾರಿನಲ್ಲಿ ದೇಶಕ್ಕೆ ಬಂದೊದಗಿದ್ದು ಅನಾವೃಷ್ಟಿ. 1972ರ ತರುವಾಯ ಅಷ್ಟು ಕಡಿಮೆ ಮಳೆಯಾದ ಮುಂಗಾರು ಬೇರೊಂದಿರಲಿಲ್ಲ. ಶ್ರಾವಣದಲ್ಲಿ ಊರೂರುಗಳಲ್ಲಿ ಮಳೆಗಾಗಿ ಪರ್ಜನ್ಯಜಪ ನಡೆಸಿದವರು ನಾವೇ. ವಿಜಯದಶಮಿ, ಶ್ರೀಮಧ್ವಜಯಂತಿಗಳು ಸೆಪ್ಟೆಂಬರ್ 28ರಂದು ಕಳೆದವು. ಆಮೇಲಿನ ನಾಲ್ಕೈದು ದಿನಗಳಲ್ಲಿ ಆಕಾಶವೇ ಕಳಚಿದಂತೆ ಮಳೆ ಸುರಿಯಿತು. ಮಳೆಗಾಲದ ಕೊನೆಯಾದುದರಿಂದ ಜಲಾಶಯಗಳು ಬಹುಮಟ್ಟಿಗೆ ತುಂಬಿಯೇ ಇದ್ದವು. ಬಂದ ನೀರಿಗೆ ಇಂಬಿರಲಿಲ್ಲ. ಅಕ್ಟೋಬರ್ 2ರಂದು ತುಂಗಭದ್ರೆಯು ಮಂತ್ರಾಲಯವನ್ನು ಹೊಕ್ಕಳು. ಶ್ರೀಮಠದ ಪ್ರಾಕಾರದೊಳಗೆ ನೀರು ತುಂಬಿತು. ಯಾತ್ರಿಕರು ಮಹಡಿಗಳನ್ನೇರಿ ಕುಳಿತರು. ಅದೇ ದಿನ ಹಂದ್ರಿ ನದಿಯು ತುಂಗಭದ್ರೆಯನ್ನು ಕೂಡುವ ಕರ್ನೂಲು ಪಟ್ಟಣವೂ ಮುಳುಗಿತು. ಕೆಳಗಿನ ಶ್ರೀಶೈಲದ ಅಣೆಕಟ್ಟಿಗೆ 19 ಲಕ್ಷ ಕ್ಯೂಸೆಕ್ ಪ್ರವಾಹವನ್ನು ಎಣಿಸಿ ವಿನ್ಯಾಸ ಮಾಡಿದ್ದರೆ, ಅಂದು ಒಳಬಂದ ನೀರು 25 ಲಕ್ಷವನ್ನು ಮೀರಿತು. ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಮೃತರಾದರು. ಮಣ್ಣಿನ ಮಾಳಿಗೆಯ ಮನೆಗಳು ಲಕ್ಷಗಟ್ಟಲೆಯಾಗಿ ಕುಸಿದವು ಅಥವಾ ಬಿರುಕುಬಿಟ್ಟವು.

ನಮ್ಮೂರು ರಾಯಚೂರು ಜಿಲ್ಲೆಯಲ್ಲಿ, ಅದೇ ನದಿಯ ಎಡದಂಡೆಯಲ್ಲಿದೆ. ನಮ್ಮ ತೀರ್ಥರೂಪರು ಅಲ್ಲಿಯ ಪ್ರಾಣದೇವರ ಗುಡಿಯ ಅರ್ಚಕರು. ಆಗ ನಾನು ಪಾಠಶಾಲೆಯ ಅಧ್ಯಯನವನ್ನು ಮುಗಿಸಿ ಪದವಿ ತರಗತಿಗೆ ಸೇರಿದ್ದ ಹುಡುಗ. ಹಬ್ಬಕ್ಕೆಂದು ಊರಿಗೆ ಬಂದಿದ್ದೆ. ಅಕ್ಟೋಬರ್ 1ರ ಸಂಜೆ ಡಂಗುರ ಸಾರಿದರು: ನದಿ ಏರುತ್ತಿದೆ, ಕೆಳಗಿನ ಕೇರಿಯವರೆಲ್ಲ ಶಾಲೆಯ ದಿನ್ನೆಗೆ ಹೋಗತಕ್ಕದ್ದು. ಹಲವರು ಹೋದರು. ನಮ್ಮ ತಂದೆಯವರು, ‘ರಾಯರ ಸನ್ನಿಧಾನ ಇಷ್ಟು ಸಮೀಪದಲ್ಲಿದೆ, ಪ್ರಾಣದೇವರು ಇಲ್ಲಿಯೇ ಇದ್ದಾರೆ, ರಾತ್ರಿಪೂಜೆಯನ್ನು ಬಿಟ್ಟು ಹೋಗುವುದುಂಟೆ? ಬೆಳಗ್ಗೆ ನೋಡೋಣ’ ಎಂದರು. ಅವರ ಮಾತಿಗೆ ನಾನೂ ತಲೆದೂಗಿದೆ. ಅದೇ ಭಕ್ತಿಯೆಂದು ನನಗೂ ತೋರಿತ್ತು. ಬೆಳಗಿನ ಜಾವಕ್ಕೆ ನೀರು ಪಡಸಾಲೆಯಲ್ಲಿತ್ತು. ಮಳೆಯ ಕತ್ತಲೆಯಲ್ಲಿ ಹರಿಗೋಲು ಹಾಕಿಕೊಂಡು ಬಂದವನು ಊರಿನ ಒಬ್ಬ ಅಂಬಿಗ. ಸಾಲಿಗ್ರಾಮದ ಸಂಪುಟವೊಂದನ್ನು ಎದೆಗವಚಿಕೊಂಡ ತಂದೆಯವರನ್ನೂ, ಅಜ್ಜಿಯನ್ನೂ, ನಮ್ಮೆಲ್ಲರನ್ನೂ ಅವನು ಎರಡು ಸಾರಿ ಹೋಗಿಬಂದು ದಿನ್ನೆಗೆ ಮುಟ್ಟಿಸಿದ. ಮೂರನೆಯ ಸಾರಿ ತನ್ನ ಮನೆಗೆಂದು ಹೊರಟಾಗ ಸೆಳವು ಹೆಚ್ಚಾಗಿತ್ತು. ಹಟ್ಟಿಯಲ್ಲಿ ಕಟ್ಟಿದ್ದ ಅವನ ಹನ್ನೊಂದು ಆಡುಗಳು ಕಟ್ಟಿದ ಹಗ್ಗದಲ್ಲಿಯೇ ಮುಳುಗಿದವು. ಅವನ ಬದುಕಿನ ಆಸ್ತಿಯೆಲ್ಲ ಅವೇ.

ಕೆಲವು ದಿನಗಳ ನಂತರ ಪರಿಹಾರ ಶಿಬಿರಕ್ಕೆ ಬಂದ ಸಜ್ಜನರೊಬ್ಬರು, ಒಳ್ಳೆಯ ಮನಸ್ಸಿನಿಂದಲೇ, ‘ಎಲ್ಲವೂ ಅವರವರ ಪ್ರಾರಬ್ಧ’ ಎಂದು ಸಮಾಧಾನ ಹೇಳಿದರು. ಅಂಬಿಗನು ಏನೂ ಆಡಲಿಲ್ಲ. ನಮ್ಮ ತಂದೆಯವರು ಮಾತ್ರ ಮೆಲ್ಲಗೆ, ‘ಪ್ರಾರಬ್ಧ ಯಾರದೋ ನಾನರಿಯೆ, ವಿಳಂಬ ಮಾತ್ರ ನನ್ನದು’ ಎಂದರು. ಅನೇಕ ವರ್ಷಗಳ ಕಾಲ ಗ್ರಂಥಗಳಲ್ಲಿ ಓದಿದ್ದಕ್ಕಿಂತ ಹೆಚ್ಚಿನ ವಿಷಯವನ್ನು ಆ ಒಂದು ಮಾತು ನನಗೆ ತಿಳಿಸಿತು. ಮುಂದಿನ ವಿಚಾರವೆಲ್ಲ ಅದರ ವಿವರಣೆಯೆಂದೇ ವಾಚಕರು ಭಾವಿಸಬಹುದು.

ಪ್ರವಾಹದಂತಹ ವಿಪತ್ತಿನ ವಿಷಯದಲ್ಲಿ ಲೋಕದಲ್ಲಿ ಮೂರು ಬಗೆಯ ಮಾತುಗಳು ಕೇಳಿಬರುತ್ತವೆ. ಮೊದಲನೆಯದು, ಮುಳುಗಿದವರು ತಮ್ಮ ಪಾಪಕರ್ಮದ ಫಲವನ್ನು ಉಂಡರು ಎಂಬುದು. ಕರ್ಮಕ್ಕೆ ಫಲವುಂಟೆಂಬುದನ್ನು ನಾವು ಅಲ್ಲಗಳೆಯುವಂತಿಲ್ಲ. ಆದರೆ ಯಾರ ಯಾವ ಕರ್ಮಕ್ಕೆ ಯಾವಾಗ ಯಾವ ಫಲವೆಂಬುದನ್ನು ಬಲ್ಲವನು ಸರ್ವಜ್ಞನಾದ ಶ್ರೀಹರಿಯೊಬ್ಬನೇ. ಅಲ್ಪಜ್ಞನಾದ ಜೀವನು ಮತ್ತೊಬ್ಬನ ಲೆಕ್ಕದ ಪುಸ್ತಕವನ್ನು ತೆರೆದು ಓದಿದವನಂತೆ ಮಾತನಾಡುವುದು ತನಗಿಲ್ಲದ ಸರ್ವಜ್ಞತ್ವವನ್ನು ಆರೋಪಿಸಿಕೊಂಡಂತೆ. ಕರ್ಮಸಿದ್ಧಾಂತವನ್ನು ಶಾಸ್ತ್ರವು ಉಪದೇಶಿಸಿದ್ದು ನನ್ನ ದುಃಖವನ್ನು ನಾನು ಸಹಿಸುವುದಕ್ಕಾಗಿ. ನೆರೆಯವನ ದುಃಖವನ್ನು ನಾನು ಸಹಿಸಿಕೊಳ್ಳುವುದಕ್ಕಾಗಿ ಅಲ್ಲ. ಹಸಿದು ಬಂದವನ ಎದುರಿಗೆ ಅವನ ಪೂರ್ವಜನ್ಮದ ವಿಚಾರವನ್ನು ಎತ್ತಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ, ಅನ್ನವಿಡಬೇಕೆಂದು ವಿಧಿಸಿದೆ. ಅವನ ಸಂಕಟ ಅವನ ಪ್ರಾರಬ್ಧವಾದರೆ, ಅದನ್ನು ಕಂಡೂ ಸುಮ್ಮನಿರುವುದು ನಾವು ಈಗ ಸಂಪಾದಿಸುತ್ತಿರುವ ಹೊಸ ಕರ್ಮ.

ಎರಡನೆಯ ಮಾತು ಇದಕ್ಕಿಂತ ಸೂಕ್ಷ್ಮವಾದುದು. ಶ್ರೀಹರಿಯು ಸರ್ವತಂತ್ರಸ್ವತಂತ್ರ, ಅವನ ಇಚ್ಛೆಯಿಲ್ಲದೆ ಹುಲ್ಲೂ ಅಲುಗದು. ಅವನು ಮುಳುಗಿಸಬೇಕೆಂದರೆ ಮುಳುಗುತ್ತೇವೆ, ಉಳಿಸಬೇಕೆಂದರೆ ಉಳಿಯುತ್ತೇವೆ. ನಮ್ಮ ಪ್ರಯತ್ನದಿಂದ ಆಗುವುದೇನು? ಹೀಗೆಂದು ಆಕ್ಷೇಪಿಸಿದರೆ ಸಮಾಧಾನವಿದು. ಜೀವನು ಅಸ್ವತಂತ್ರನೆಂಬುದು ನಮ್ಮ ಸಿದ್ಧಾಂತವೇ ಹೊರತು ಜೀವನು ಕರ್ತನೇ ಅಲ್ಲವೆಂಬುದು ನಮ್ಮ ಸಿದ್ಧಾಂತವಲ್ಲ. ಅವನ ಕರ್ತೃತ್ವವು ಪರಾಧೀನ, ಆದರೆ ಸತ್ಯ. ಅದು ಸತ್ಯವಲ್ಲದಿದ್ದರೆ ‘ಇದನ್ನು ಮಾಡು, ಇದನ್ನು ಬಿಡು’ ಎಂಬ ಶಾಸ್ತ್ರದ ವಿಧಿನಿಷೇಧಗಳೆಲ್ಲ ಕಲ್ಲುಗೋಡೆಗೆ ಹೇಳಿದ ಮಾತಾಗುತ್ತಿದ್ದವು. ಭಗವಂತನು ಜೀವರಿಂದ ಕರ್ಮ ಮಾಡಿಸುವಾಗ ಅವರ ಪೂರ್ವಕರ್ಮವನ್ನೂ, ಸಂಸ್ಕಾರವನ್ನೂ, ಪ್ರಯತ್ನವನ್ನೂ ಅಪೇಕ್ಷಿಸಿಯೇ ಮಾಡಿಸುತ್ತಾನೆಂದು ಶ್ರೀಮದಾಚಾರ್ಯರು ನಿರ್ಣಯಿಸಿದ್ದಾರೆ. ಅವನಿಗೆ ಅಪೇಕ್ಷಿತವಾದ ಈ ಮೂರರಲ್ಲಿ ಪ್ರಯತ್ನವೂ ಒಂದಾಗಿರುವಾಗ ಅದನ್ನು ವ್ಯರ್ಥವೆನ್ನುವ ಅಧಿಕಾರ ನಮಗೆಲ್ಲಿದೆ? ಪೂರ್ವಕರ್ಮವು ಕೈಮೀರಿದುದು. ಇಂದು ನಮ್ಮ ಪಾಲಿಗೆ ಉಳಿದಿರುವುದು ಪ್ರಯತ್ನವೇ. ಬೆಳೆಯ ವಿಷಯದಲ್ಲಿ ಯಾವ ರೈತನೂ ಹರಿಚಿತ್ತವೆಂದು ಬಿತ್ತದೆ ಕುಳಿತಿಲ್ಲ. ಮಗಳ ಮದುವೆಯ ವಿಷಯದಲ್ಲಿ ಯಾವ ತಂದೆಯೂ ವರಾನ್ವೇಷಣೆಯನ್ನು ಬಿಟ್ಟಿಲ್ಲ. ನದಿಯ ವಿಷಯದಲ್ಲಿ ಮಾತ್ರ ನಮಗೆ ಸಿದ್ಧಾಂತವು ನೆನಪಾಗುವುದಾದರೆ ಅದು ಭಕ್ತಿಯಲ್ಲ, ಆಲಸ್ಯ.

ಮೂರನೆಯ ಮಾತು ಇಂದಿನ ವಿದ್ಯಾವಂತರದು: ಇದರಲ್ಲಿ ದೈವವೇನೂ ಇಲ್ಲ, ಎಲ್ಲವೂ ಮನುಷ್ಯನ ತಪ್ಪು, ಎಂಜಿನಿಯರರು ಸರಿಯಾಗಿ ಲೆಕ್ಕ ಹಾಕಿದರೆ ಪ್ರವಾಹವೇ ಆಗದು. ಮನುಷ್ಯನ ತಪ್ಪು ಇದೆಯೆಂಬುದನ್ನು ಮುಂದೆ ನಾವೇ ಹೇಳಲಿದ್ದೇವೆ. ಆದರೆ 19 ಲಕ್ಷವೆಂದು ಎಣಿಸಿದಲ್ಲಿ 25 ಲಕ್ಷ ಬಂದಿತೆಂಬುದನ್ನು ನೆನೆದರೆ, ಮನುಷ್ಯನ ಲೆಕ್ಕಕ್ಕೆ ಮೀರಿದುದೊಂದು ಯಾವಾಗಲೂ ಇರುತ್ತದೆಂಬುದು ಸ್ಪಷ್ಟ. ಅದನ್ನು ಒಪ್ಪಿದವನೇ ಹೆಚ್ಚು ಎಚ್ಚರವಾಗಿರುತ್ತಾನೆ. ತಾನು ಸ್ವತಂತ್ರನೆಂದು ನಂಬಿದವನು ಅಣೆಕಟ್ಟನ್ನು ಕಟ್ಟಿ ನಿದ್ರಿಸುತ್ತಾನೆ. ತಾನು ಪರಾಧೀನನೆಂದು ಅರಿತವನು ಅಣೆಕಟ್ಟನ್ನೂ ಕಟ್ಟಿ ಹರಿಗೋಲನ್ನೂ ಸಿದ್ಧವಾಗಿಟ್ಟುಕೊಳ್ಳುತ್ತಾನೆ.

ಈ ನಿರ್ಣಯಕ್ಕೆ ಪುರಾಣದ ಬೆಂಬಲವುಂಟೇ ಎಂದರೆ, ಧಾರಾಳವಾಗಿ ಉಂಟು. ಶ್ರೀಮದ್ಭಾಗವತದ ಅಷ್ಟಮಸ್ಕಂಧದ ಮತ್ಸ್ಯಾವತಾರದ ಕಥೆಯನ್ನು ನಾವು ಪ್ರತಿವರ್ಷವೂ ಪ್ರವಚನಗಳಲ್ಲಿ ಕೇಳುತ್ತೇವೆ. ಕೃತಮಾಲಾ ನದಿಯಲ್ಲಿ ತರ್ಪಣ ಬಿಡುತ್ತಿದ್ದ ಸತ್ಯವ್ರತರಾಜನ ಬೊಗಸೆಗೆ ಒಂದು ಚಿಕ್ಕ ಮೀನು ಬಂದಿತು. ಅದನ್ನು ಅವನು ಕಲಶದಲ್ಲಿಟ್ಟ. ಅದು ಬೆಳೆದು ತನಗೆ ಸ್ಥಳ ಸಾಲದೆಂದಿತು. ಕೊಪ್ಪರಿಗೆಯಲ್ಲಿಟ್ಟ, ಅಲ್ಲಿಯೂ ಸಾಲದಾಯಿತು. ಸರೋವರದಲ್ಲಿ ಬಿಟ್ಟ, ಕೊನೆಗೆ ಸಮುದ್ರಕ್ಕೆ ತಂದ. ಬೆಳೆಯುವ ಮೀನಿಗೆ ರಾಜನು ಪ್ರತಿಸಾರಿಯೂ ಹೆಚ್ಚಿನ ಸ್ಥಳವನ್ನು ಕೊಟ್ಟನೇ ಹೊರತು ‘ಇದ್ದಲ್ಲಿಯೇ ಇರು’ ಎನ್ನಲಿಲ್ಲ. ಆಗ ಸ್ವಾಮಿಯು ಅವನಿಗೆ ಅನುಗ್ರಹಿಸಿದ್ದಾದರೂ ಏನು? ಪ್ರಳಯವನ್ನು ನಿಲ್ಲಿಸುತ್ತೇನೆಂದು ಹೇಳಲಿಲ್ಲ. ಇಂದಿಗೆ ಏಳನೆಯ ದಿನ ನೀರು ಬರುವುದೆಂದು ಮುನ್ಸೂಚನೆಯನ್ನು ಕೊಟ್ಟನು. ಔಷಧಿಗಳನ್ನೂ ಬೀಜಗಳನ್ನೂ ಸಂಗ್ರಹಿಸೆಂದನು. ಋಷಿಗಳೊಡನೆ ನಾವೆಯನ್ನು ಏರೆಂದನು. ಅದನ್ನು ಕಟ್ಟುವ ಹಗ್ಗವಾವುದೆಂಬುದನ್ನೂ ತಿಳಿಸಿದನು. ದಿನ, ಸಾಮಗ್ರಿ, ಸಾಧನ, ಜನ ಇವೆಲ್ಲವೂ ಅಲ್ಲಿವೆ. ರಾಜನು ಆ ಏಳು ದಿನಗಳಲ್ಲಿ ‘ಸ್ವಾಮಿಯೇ ಇರುವಾಗ ಬೀಜವೇಕೆ’ ಎಂದು ಸುಮ್ಮನಿದ್ದಿದ್ದರೆ ಅದನ್ನು ಯಾರೂ ಭಕ್ತಿಯೆಂದು ಕರೆಯುತ್ತಿರಲಿಲ್ಲ. ಮುನ್ಸೂಚನೆಯೇ ಅಂದು ಅನುಗ್ರಹದ ರೂಪವಾಗಿತ್ತು. ನಮ್ಮೂರಿನಲ್ಲಿ ಆ ಸಂಜೆ ಸಾರಿದ ಡಂಗುರವೂ ಅದೇ ಆಗಿತ್ತೆಂಬುದು ನಮಗೆ ಮರುದಿನ ತಿಳಿಯಿತು.

ಏಕಾದಶಸ್ಕಂಧದ ದ್ವಾರಕೆಯ ಪ್ರಸಂಗವಂತೂ ಇನ್ನೂ ಹೃದಯಸ್ಪರ್ಶಿಯಾದುದು. ಉತ್ಪಾತಗಳು ಕಂಡಾಗ ಶ್ರೀಕೃಷ್ಣನು ಯಾದವರಿಗೆ ಹೇಳಿದ ಮೊದಲ ಮಾತೆಂದರೆ ಹೆಂಗಸರು, ಮಕ್ಕಳು, ವೃದ್ಧರು ಕೂಡಲೇ ಶಂಖೋದ್ಧಾರಕ್ಕೆ ಹೋಗಲೆಂಬುದು. ತನ್ನ ಅವತಾರಸಮಾಪ್ತಿಯ ಸಮಯದಲ್ಲಿ ದಾರುಕನ ಮೂಲಕ ಕಳುಹಿಸಿದ ಕಡೆಯ ಸಂದೇಶವೂ ಅಂತಹದೇ: ಯಾರೂ ದ್ವಾರಕೆಯಲ್ಲಿ ನಿಲ್ಲಬೇಡಿ, ಸಮುದ್ರವು ಅದನ್ನು ಮುಳುಗಿಸಲಿದೆ, ಅರ್ಜುನನ ರಕ್ಷಣೆಯಲ್ಲಿ ಇಂದ್ರಪ್ರಸ್ಥಕ್ಕೆ ಹೋಗಿರಿ. ಸಾಕ್ಷಾತ್ ಭಗವಂತನೇ ಕಟ್ಟಿಸಿದ ಪಟ್ಟಣ, ಭಗವಂತನೇ ವಾಸಮಾಡಿದ ಪಟ್ಟಣ. ಅದನ್ನೇ ಬಿಟ್ಟು ಹೋಗೆಂದು ಅವನ ಆಜ್ಞೆಯಾದ ಮೇಲೆ, ನಮ್ಮ ತಾತ ಮುತ್ತಾತಂದಿರು ಕಟ್ಟಿದ ಮನೆಯನ್ನು ಬಿಡಲಾಗದೆಂಬ ಹಟಕ್ಕೆ ಶಾಸ್ತ್ರದ ಆಧಾರವನ್ನು ಹುಡುಕುವುದು ವ್ಯರ್ಥ. ಸಮುದ್ರವು ಶ್ರೀಕೃಷ್ಣನ ಮಂದಿರವೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಮುಳುಗಿಸಿತೆಂದು ಅಲ್ಲಿಯೇ ಹೇಳಿದೆ. ಸ್ವಾಮಿಯ ಮಂದಿರವನ್ನು ಕಾಯಲು ಸ್ವಾಮಿಯು ಸಮರ್ಥನಾಗಿದ್ದಾನೆ. ಅವನು ನಮಗೆ ಒಪ್ಪಿಸಿರುವುದು ಹೆಂಗಸರು, ಮಕ್ಕಳು, ವೃದ್ಧರನ್ನು. ಆ ರಾತ್ರಿ ನಮ್ಮ ಮನೆಯಲ್ಲಿ ಈ ಎರಡು ಭಾರಗಳು ಅದಲುಬದಲಾಗಿದ್ದವು.

ಇನ್ನು ಪುನರ್ನಿರ್ಮಾಣದ ವಿಚಾರ. ನೀರು ಇಳಿದ ಕೂಡಲೇ ವಿಪತ್ತು ಮುಗಿಯಿತೆಂದು ದೂರದವರು ತಿಳಿಯುತ್ತಾರೆ. ಅನುಭವಿಸಿದವರಿಗೆ ಅದು ಆಗ ಆರಂಭವಾಗುತ್ತದೆ. ನೀರಿನಲ್ಲಿ ನಿಂತಿದ್ದ ಮಣ್ಣಿನ ಗೋಡೆಯು ನೀರಿಳಿದ ಮೇಲೆ ಕುಸಿಯುತ್ತದೆ. ಸಾಮಾನು ತರಲೆಂದು ಆತುರದಿಂದ ಒಳಹೋದವರು ಅಪಾಯಕ್ಕೆ ಸಿಲುಕುತ್ತಾರೆ. ಹಗೇವಿನ ಜೋಳವು ಮೊಳೆತು ಕೊಳೆಯುತ್ತದೆ. ಬಾವಿಯ ನೀರನ್ನು ಪೂರ್ತಿ ಎತ್ತಿ ಹಾಕಿ, ಕೆಸರು ತೆಗೆದು, ಬ್ಲೀಚಿಂಗ್ ಪುಡಿ ಹಾಕುವವರೆಗೆ ಅದು ತೀರ್ಥಕ್ಕೂ ಅಲ್ಲ, ಪಾನಕ್ಕೂ ಅಲ್ಲ. ನಮ್ಮ ಮನೆಯಲ್ಲಿದ್ದ ಗ್ರಂಥಗಳನ್ನು ನಾವು ತಿಳಿಯದೆ ಸುಡುಬಿಸಿಲಿಗೆ ಹರವಿದೆವು. ಹಾಳೆಗಳು ಮುದುಡಿ ಒಂದಕ್ಕೊಂದು ಅಂಟಿಕೊಂಡವು. ನೆರಳಿನಲ್ಲಿ, ಗಾಳಿಯಲ್ಲಿ, ಹಾಳೆಗಳ ನಡುವೆ ನೀರು ಹೀರುವ ಕಾಗದವನ್ನಿಟ್ಟು ಒಣಗಿಸಬೇಕೆಂಬುದು ಆಮೇಲೆ ತಿಳಿಯಿತು. ಇವೆಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಕಾಗದಪತ್ರಗಳದು. ಪಹಣಿ, ಪಡಿತರ ಚೀಟಿ, ಮಕ್ಕಳ ಅಂಕಪಟ್ಟಿ ಇವು ಕೊಚ್ಚಿಹೋದವನು ತಾನು ಯಾರೆಂಬುದನ್ನೇ ಸಾಧಿಸಬೇಕಾಗುತ್ತದೆ. ಹೆಸರಿನಲ್ಲಿ ಮನೆಯಿಲ್ಲದ ಬಾಡಿಗೆಯವನೂ, ಭೂಮಿಯಿಲ್ಲದ ಕೂಲಿಯವನೂ ಪರಿಹಾರದ ಪಟ್ಟಿಯಲ್ಲಿ ಕೊನೆಗೆ ನಿಲ್ಲುತ್ತಾರೆ. ಹನ್ನೊಂದು ಆಡುಗಳಿಗೆ ದಾಖಲೆ ಎಲ್ಲಿಂದ ಬರಬೇಕು?

ದಾನಕ್ಕೆ ದೇಶ, ಕಾಲ, ಪಾತ್ರಗಳ ವಿವೇಕ ಬೇಕೆಂದು ಗೀತೆಯಲ್ಲಿ ಭಗವಂತನು ತಿಳಿಸಿದ್ದಾನೆ. ಸಾಮಾನ್ಯವಾಗಿ ನಾವು ಇದನ್ನು ಪರ್ವಕಾಲಕ್ಕೂ ಪುಣ್ಯಕ್ಷೇತ್ರಕ್ಕೂ ಅನ್ವಯಿಸಿ ಸುಮ್ಮನಾಗುತ್ತೇವೆ. ವಿಪತ್ತಿನ ಸಮಯದಲ್ಲಿ ಈ ವಿವೇಕ ಎಷ್ಟು ಅವಶ್ಯಕವೆಂಬುದನ್ನು 2009ರ ನಂತರದ ಒಂದು ಉದಾಹರಣೆಯಿಂದ ತಿಳಿಯಬಹುದು. ಮುಳುಗಡೆಯಾದ ಗ್ರಾಮಗಳನ್ನು ಎತ್ತರದ ಸ್ಥಳಗಳಿಗೆ ಸಾಗಿಸಲು ಕರ್ನಾಟಕ ಸರ್ಕಾರವು ‘ಆಸರೆ’ ಎಂಬ ಯೋಜನೆಯನ್ನು ಕೈಗೊಂಡಿತು. ಸಂಸ್ಥೆಗಳೂ ದಾನಿಗಳೂ ಉದಾರವಾಗಿ ಮುಂದೆ ಬಂದು ಸಾವಿರಾರು ಮನೆಗಳನ್ನು ಕಟ್ಟಿಸಿಕೊಟ್ಟರು. ಸಂಕಲ್ಪ ಶ್ಲಾಘನೀಯವಾದುದೇ. ಆದರೂ ಅನೇಕ ಕಡೆಗಳಲ್ಲಿ ಮನೆಗಳು ಖಾಲಿ ಉಳಿದು, ಜನರು ಹಳೆಯ ಊರಿಗೇ ಮರಳಿದರು. ಏಕೆಂದರೆ ಹೊಲಗಳು ದೂರವಾದವು. ದನ ಕಟ್ಟಲು, ಮೇವು ಒಟ್ಟಲು ಜಾಗವಿರಲಿಲ್ಲ. ಕೆಲವೆಡೆ ನೀರು, ದಾರಿಗಳೂ ಸರಿಯಾಗಿರಲಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಮತ್ತೆ ಉಕ್ಕಿದಾಗ, ಎತ್ತರದಲ್ಲಿ ಮನೆಯಿದ್ದೂ ತಗ್ಗಿನಲ್ಲಿದ್ದವರು ಮತ್ತೊಮ್ಮೆ ಮುಳುಗಿದರು. ಇದನ್ನು ಅವರ ಅವಿವೇಕವೆಂದು ಜರೆಯುವುದು ಸುಲಭ. ಆದರೆ ಮನೆಯನ್ನು ಕೊಡುವವನು ಪಡೆಯುವವನನ್ನು ಕೂರಿಸಿಕೊಂಡು ‘ನಿನ್ನ ಎತ್ತುಗಳನ್ನು ಎಲ್ಲಿ ಕಟ್ಟುತ್ತೀ’ ಎಂದು ಕೇಳಿದ್ದರೆ ಇದು ಆಗುತ್ತಿತ್ತೇ? ಅವನ ಬದುಕನ್ನು ಅರಿತು ಕೊಟ್ಟರೆ ಅದು ಪಾತ್ರವಿವೇಕ. ಅವನು ಜೀವನ ಮಾಡಬಲ್ಲ ಸ್ಥಳದಲ್ಲಿ ಕೊಟ್ಟರೆ ದೇಶವಿವೇಕ. ಅವನು ಸಾಲಗಾರನಾಗುವ ಮುನ್ನ ಕೊಟ್ಟರೆ ಕಾಲವಿವೇಕ. ಪಾತ್ರೆಯಿಲ್ಲದವನಿಗೆ ಹಳೆಯ ಬಟ್ಟೆಯ ಗಂಟುಗಳನ್ನು ಹೊರಿಸಿದರೆ ನಮ್ಮ ಬೀರು ಹಗುರಾಗಬಹುದೇ ಹೊರತು ಅವನ ಭಾರವಲ್ಲ.

ಕಳೆದುದನ್ನು ಮತ್ತೆ ಕಟ್ಟಿದರೆ ಸಾಲದು. ಮುಂದೆ ಕಳೆಯದಂತೆ ಕಟ್ಟಬೇಕು. ಬೆಳೆಯುವ ಮೀನಿಗೆ ಸತ್ಯವ್ರತನು ಸ್ಥಳ ಕೊಟ್ಟಂತೆ ನಾವು ಬೆಳೆಯುವ ನದಿಗೆ ಸ್ಥಳ ಕೊಟ್ಟಿದ್ದೇವೆಯೇ? ಮಳೆಗಾಲದಲ್ಲಿ ನದಿಯು ಹರಡಿಕೊಳ್ಳುವ ಬಯಲೂ ನದಿಯದೇ. ಅವಳು ಹತ್ತಾರು ವರ್ಷ ಬಾರದಿದ್ದ ಮಾತ್ರಕ್ಕೆ ಅದು ನಮ್ಮ ನಿವೇಶನವಾಗದು. ನಾವೋ ಹಳ್ಳಗಳನ್ನು ಒತ್ತಿ ಗದ್ದೆ ಮಾಡಿದೆವು, ಕೆರೆಗಳನ್ನು ತುಂಬಿ ಬಡಾವಣೆ ಮಾಡಿದೆವು, ಕಾಲುವೆಗಳ ಮೇಲೆ ಅಂಗಡಿಗಳನ್ನು ಕಟ್ಟಿದೆವು. ನದಿಯ ಮೇಲಿನ ಮಲೆಗಳಲ್ಲಿ ಕಾಡು ಕಳೆದಂತೆ ಮಣ್ಣು ಕೊಚ್ಚಿ ಕೆಳಗೆ ಬರುತ್ತದೆ. 1953ರಲ್ಲಿ ಪೂರ್ಣಗೊಂಡ ಹೊಸಪೇಟೆಯ ತುಂಗಭದ್ರಾ ಜಲಾಶಯವು ಮೊದಲು ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು, ಹೂಳು ತುಂಬಿ ಆ ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿದೆ. ಅಷ್ಟು ಮಟ್ಟಿಗೆ ಬರಗಾಲಕ್ಕೆ ನೀರೂ ಕಡಿಮೆ, ಪ್ರವಾಹಕ್ಕೆ ಇಂಬೂ ಕಡಿಮೆ. ಅದೇ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಕೆಳಗಿನ ಊರುಗಳವರು ಉಸಿರು ಬಿಗಿಹಿಡಿದು ಕುಳಿತರು. ತಜ್ಞರೂ ಕೆಲಸಗಾರರೂ ಹಗಲಿರುಳು ದುಡಿದು, ಹರಿಯುವ ನೀರಿನಲ್ಲಿಯೇ ಒಂದು ವಾರದೊಳಗೆ ತಾತ್ಕಾಲಿಕ ಗೇಟನ್ನು ಇಳಿಸಿದರು. ಒಂದು ಸರಪಳಿಯ ಕೊಂಡಿಯನ್ನು ಕಾಲಕಾಲಕ್ಕೆ ಪರೀಕ್ಷಿಸಿ ನೋಡುವುದು ಎಷ್ಟು ಜನರ ಯೋಗಕ್ಷೇಮಕ್ಕೆ ಸಂಬಂಧಿಸಿದ ಕರ್ಮವೆಂಬುದನ್ನು ಆ ವಾರವು ನಮಗೆ ಕಲಿಸಿತು.

ಪ್ರಯತ್ನಕ್ಕೆ ಫಲವುಂಟೆಂಬುದಕ್ಕೆ ದೂರದ, ಆದರೆ ಪ್ರತ್ಯಕ್ಷವಾದ ನಿದರ್ಶನವೊಂದಿದೆ. ಶ್ರೀಜಗನ್ನಾಥನ ನಾಡಾದ ಒಡಿಶಾದಲ್ಲಿ 1999ರ ಅಕ್ಟೋಬರ್ ತಿಂಗಳ ಮಹಾಚಂಡಮಾರುತದಿಂದ ಸುಮಾರು 10,000 ಜನರು ಮೃತರಾದರು. ಆ ನಾಡಿನವರು ಅಳುತ್ತ ಕೂರಲಿಲ್ಲ. ಕರಾವಳಿಯಲ್ಲಿ ಆಶ್ರಯಗೃಹಗಳನ್ನು ಕಟ್ಟಿದರು. ಊರಿನ ತರುಣರಿಗೆ ತರಬೇತಿ ಕೊಟ್ಟರು. ಯಾರು ಯಾರನ್ನು ಎಬ್ಬಿಸಿ ಕರೆದೊಯ್ಯಬೇಕೆಂಬುದನ್ನು ನಿಶ್ಚಯಿಸಿಕೊಂಡರು. 2013ರ ಅಕ್ಟೋಬರ್ 12ರಂದು ಫೈಲಿನ್ ಚಂಡಮಾರುತವು ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸುರಕ್ಷಿತ ಸ್ಥಳಗಳಿಗೆ ಸಾಗಿಸಿದ್ದರು. ಸಾವಿನ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಗಾಳಿಯ ವೇಗವನ್ನು ಅವರು ತಗ್ಗಿಸಲಿಲ್ಲ, ಸಮುದ್ರವನ್ನು ತಡೆಯಲಿಲ್ಲ. ಹದಿನಾಲ್ಕು ವರ್ಷಗಳಲ್ಲಿ ಬದಲಾದುದು ಪ್ರಯತ್ನವೊಂದೇ.

ಹಾಗಾದರೆ ಗುಡಿಯವರೂ ಗೃಹಸ್ಥರೂ ಆದ ನಾವು ಮಾಡಬಹುದಾದುದೇನು? ಸರ್ಕಾರದ ಕಾರ್ಯ ಸರ್ಕಾರಕ್ಕಿರಲಿ. 2005ರಲ್ಲಿಯೇ ವಿಪತ್ತು ನಿರ್ವಹಣೆಗೆಂದು ಕೇಂದ್ರದಲ್ಲಿ ಕಾನೂನಾಗಿದೆ. ನಮ್ಮ ಕೈಯಲ್ಲಿರುವುದು ಅಲ್ಪವಾದರೂ ಅದು ಊರಿನ ಜೀವವನ್ನು ಉಳಿಸಬಲ್ಲದು. ಮಳೆಗಾಲದ ಪ್ರಾರಂಭದಲ್ಲಿ, ಚಾತುರ್ಮಾಸ್ಯದ ಸಂಕಲ್ಪದ ವೇಳೆಗೆ, ಊರಿನವರೆಲ್ಲ ಗುಡಿಯಲ್ಲಿ ಒಮ್ಮೆ ಕೂಡಲಿ. ಯಾವ ಮನೆಯಲ್ಲಿ ನಡೆಯಲಾರದ ವೃದ್ಧರಿದ್ದಾರೆ, ಎಲ್ಲಿ ಬಾಣಂತಿಯಿದ್ದಾಳೆ, ಯಾರಿಗೆ ಕಣ್ಣು ಕಾಣದು ಎಂಬುದನ್ನು ಬರೆದಿಡಲಿ. ಅವರಲ್ಲಿ ಒಬ್ಬೊಬ್ಬರ ಹೊಣೆಯನ್ನು ಒಬ್ಬೊಬ್ಬ ತರುಣನು ಹೆಸರು ಹೇಳಿ ವಹಿಸಿಕೊಳ್ಳಲಿ. ಪಟ್ಟಿಯು ಅಗ್ರಹಾರದಲ್ಲಿಯೇ ನಿಲ್ಲದಿರಲಿ. ನೀರು ಕೇರಿಯನ್ನು ಕೇಳಿ ಬರುವುದಿಲ್ಲ, ಹರಿಗೋಲೂ ಹಾಗೆ ಬಂದಿಲ್ಲ. ಉತ್ಸವಮೂರ್ತಿ, ಸಾಲಿಗ್ರಾಮಗಳನ್ನು ಎಲ್ಲಿಗೆ, ಯಾವ ಹಂತದಲ್ಲಿ ಸಾಗಿಸತಕ್ಕದ್ದೆಂಬುದನ್ನು ಹಿರಿಯರೊಡನೆ ಕೂಡಿ ಮೊದಲೇ ನಿರ್ಣಯಿಸಿಕೊಂಡರೆ, ಆಪತ್ಕಾಲದಲ್ಲಿ ಅರ್ಚಕನು ಧರ್ಮಸಂಕಟಕ್ಕೆ ಸಿಲುಕುವುದಿಲ್ಲ. ಕಾಗದಪತ್ರಗಳು ನೀರು ಸೋಕದ ಒಂದು ಚೀಲದಲ್ಲಿ, ಗ್ರಂಥಗಳು ಮೇಲಿನ ಅಟ್ಟದಲ್ಲಿ ಇರಲಿ. ದನಕರುಗಳ ಹಗ್ಗವನ್ನು ಬಿಚ್ಚಿಯೇ ಮನೆ ಬಿಡಬೇಕೆಂಬುದನ್ನು ಮಕ್ಕಳಿಗೂ ಕಲಿಸಬೇಕು. ಸಂತರ್ಪಣೆಗೆ ಎತ್ತಿಟ್ಟ ದ್ರವ್ಯದಲ್ಲಿ ಒಂದು ಅಂಶವು ಆಪದ್ಧನವಾಗಿ ಬೇರೆಯೇ ಇರಲಿ. ಗುಡಿಯ ಗೋಡೆಯ ಮೇಲೆ ನೀರು ಎಲ್ಲಿಯವರೆಗೆ ಬಂದಿತ್ತೆಂಬ ಗುರುತನ್ನು ಬಣ್ಣ ಬಳಿಯುವ ಉತ್ಸಾಹದಲ್ಲಿ ಅಳಿಸಬಾರದು. ಮನುಷ್ಯನ ನೆನಪು ಹತ್ತು ವರ್ಷಕ್ಕೆ ಮಾಸುತ್ತದೆ, ಗೋಡೆಯು ನೆನಪಿಟ್ಟುಕೊಂಡಿರಲಿ.

ಇವೆಲ್ಲ ಲೌಕಿಕ ಕೆಲಸಗಳು, ಸಾಧಕನಿಗೆ ಇವುಗಳಿಂದ ಏನು ಎನ್ನುವವರು ಶ್ರೀಮದಾಚಾರ್ಯರ ಚರಿತ್ರೆಯನ್ನು ನೆನೆಯಬೇಕು. ಕಳಸದ ಬಳಿಯ ಅಂಬುತೀರ್ಥದಲ್ಲಿ, ಇದೇ ತುಂಗಭದ್ರೆಯ ಒಂದು ಧಾರೆಯಾದ ಭದ್ರಾನದಿಯ ಮಡಿಲಲ್ಲಿ, ಒಂದು ಹೆಬ್ಬಂಡೆಯಿದೆ. ಜನರ ಉಪಯೋಗಕ್ಕಾಗಿ ಬೇಕಾಗಿದ್ದ ಆ ಬಂಡೆಯನ್ನು ಅನೇಕರು ಕೂಡಿ ಅಲುಗಿಸಲಾರದೆ ನಿಂತಾಗ ಆಚಾರ್ಯರು ಒಂದೇ ಕೈಯಿಂದ ಎತ್ತಿ ಇರಿಸಿದರು. ಅಲ್ಲಿಯ ಶಾಸನವೂ ಇದನ್ನು ಹೇಳುತ್ತದೆ. ಸುಮಧ್ವವಿಜಯದಲ್ಲಿ ಬರುವ ಈಶ್ವರದೇವನ ಪ್ರಸಂಗವೂ ಪ್ರಸಿದ್ಧವಾದುದು. ದಾರಿಹೋಕರನ್ನೆಲ್ಲ ಹಿಡಿದು ಕೆರೆ ಅಗೆಸುತ್ತಿದ್ದ ಆ ರಾಜನಿಗೆ ಆಚಾರ್ಯರು, ಅಗೆಯುವ ಬಗೆಯನ್ನು ನೀನೇ ತೋರಿಸೆಂದರು. ಅಗೆಯಲಾರಂಭಿಸಿದ ರಾಜನು ನಿಲ್ಲಿಸಲಾರದೆ ಅಗೆಯುತ್ತಲೇ ಇದ್ದನು. ಕೆರೆ ಬೇಡವೆಂದು ಆಚಾರ್ಯರು ಹೇಳಲಿಲ್ಲ. ಅಗೆಯೆಂದು ಆಜ್ಞಾಪಿಸುವವನ ಕೈಯಲ್ಲಿಯೂ ಗುದ್ದಲಿಯಿರಬೇಕೆಂಬುದು ಆ ಕಥೆಯಿಂದ ನಾನು ಗ್ರಹಿಸಿದ ತಾತ್ಪರ್ಯ. ಪ್ರವಚನ ಮಾಡುವ ನಮ್ಮಂಥವರು ಇದನ್ನು ಮುಖ್ಯವಾಗಿ ಮನನ ಮಾಡತಕ್ಕದ್ದು.

2019ರ ಆಗಸ್ಟಿನಲ್ಲಿ, ಶ್ರೀರಾಯರ ಆರಾಧನೆಗೆ ಇನ್ನೂ ಒಂದು ವಾರವಿದ್ದಾಗ, ತುಂಗಭದ್ರೆಯು ಮತ್ತೆ ಏರಿದಳು. ಊರಿನಲ್ಲಿ ಮತ್ತೆ ಡಂಗುರವಾಯಿತು. ಈ ಸಾರಿ ತಂದೆಯವರು ಹಗಲಿನಲ್ಲಿಯೇ ಪೂಜೆಯನ್ನು ಸಂಗ್ರಹವಾಗಿ ಮುಗಿಸಿ, ಸಂಪುಟವನ್ನು ಹಿಡಿದು, ಎಲ್ಲರೂ ನೋಡುವಂತೆ ಬೀದಿಯ ನಡುವೆ ನಡೆದು ದಿನ್ನೆಯನ್ನು ಏರಿದರು. ‘ಅರ್ಚಕರೇ ಹೊರಟರು’ ಎಂದು ಹಿಂದಿನಿಂದ ಕೇರಿಗೆ ಕೇರಿಯೇ ಹೊರಟಿತು. ನೀರು ಕೆಳಗಿನ ಕೇರಿಯವರೆಗೆ ಮಾತ್ರ ಬಂದು ಇಳಿಯಿತು. ‘ಸುಮ್ಮನೆ ಹೋದೆವಲ್ಲ’ ಎಂದು ಕೆಲವರು ನಕ್ಕರು. ತಂದೆಯವರು ಅದಕ್ಕೆ ಉತ್ತರ ಕೊಡಲಿಲ್ಲ. ದಿನ್ನೆಯ ಮೇಲೆ ಕುಳಿತು ಜಪ ಮಾಡುತ್ತಿದ್ದರು. ಸ್ವಲ್ಪ ದೂರದಲ್ಲಿ ಆ ಅಂಬಿಗನೂ ಇದ್ದನು. ಅವನ ಸುತ್ತಲೂ ಆಡುಗಳು ಮೇಯುತ್ತಿದ್ದವು. ಅವುಗಳಲ್ಲಿ ಮೊದಲಿನ ಎರಡನ್ನು ಕೊಳ್ಳಲು ಬೇಕಾದ ಹಣವನ್ನು ನಮ್ಮ ತಂದೆಯವರು ಆ ವರ್ಷದ ಗುಡಿಯ ಹೊಲದ ತಮ್ಮ ಪಾಲಿನಿಂದ ಕೊಟ್ಟಿದ್ದರು. ಉಳಿದವು ಅವನ ದುಡಿಮೆಯಿಂದ ಬೆಳೆದವು. ಹನ್ನೊಂದಕ್ಕೆ ಹನ್ನೊಂದೂ ಆದವೇ ಎಂದು ನಾನು ಎಣಿಸಲಿಲ್ಲ. ಎಣಿಸುವ ಧೈರ್ಯ ನನಗಿರಲಿಲ್ಲ.

ಮುಳುಗಿದ ಭೂಮಿಯನ್ನು ಎತ್ತಿದ ಶ್ರೀವರಾಹದೇವರು, ಎತ್ತುವ ಕೈಗಳಿಗೆ ಶಕ್ತಿಯನ್ನೂ, ಮುನ್ನೆಚ್ಚರಿಕೆಯನ್ನು ಕೇಳುವ ಕಿವಿಗಳಿಗೆ ವಿವೇಕವನ್ನೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇನೆ.

ಶ್ರೀಕೃಷ್ಣಾರ್ಪಣಮಸ್ತು